ಹಳೆ ಹಾಡಿನ ಹುಚ್ಚರು ಮತ್ತು ಕಾಣೆಯಾದ ಸುಲೋಚನೆ

ಊರಿಗೊಬ್ಬರಾದರೂ ಇಂಥವರು ಇರುತ್ತಾರೆ. ಹೋಟೆಲಿನಲ್ಲಿ ಕಾಫಿ ಲೋಟ ಎತ್ತುವ ಹೊತ್ತಿಗೆ ರೇಡಿಯೊದಿಂದ ಹಳೆಯ ಚಿತ್ರಗೀತೆಯೊಂದರ ಮೊದಲ ಕೊಳಲ ಎಳೆ ಕಿವಿಗೆ ಬಿತ್ತೆನ್ನಿ, ಲೋಟ ಅಲ್ಲೇ ನಿಲ್ಲುತ್ತದೆ. ಗಾಯಕರ ದನಿ ಏಳುವ ಮುನ್ನವೇ ಚಿತ್ರ ಯಾವುದು, ಇಸವಿ ಎಷ್ಟು, ಸಾಹಿತ್ಯ ಯಾರದು, ಸಂಗೀತ ಯಾರದು ಎಂಬುದೆಲ್ಲ ಅವರ ನಾಲಿಗೆಯ ತುದಿಯಲ್ಲಿ! ಮನೆಯವರ ಪಾಲಿಗೆ ಇದೊಂದು ಹುಚ್ಚು. ‘ಇಷ್ಟನ್ನೇ ಪಾಠದ ಪುಸ್ತಕದಲ್ಲಿ ಓದಿದ್ದರೆ ರ‍್ಯಾಂಕ್ ಬರುತ್ತಿತ್ತು’ ಎಂಬ ಮಾತನ್ನು ಕೇಳದೆ ಬೆಳೆದವರು ಈ ಗುಂಪಿನಲ್ಲಿ ವಿರಳ.

ಆದರೆ ಈ ಹುಚ್ಚಿಗೂ ಒಂದು ಶಿಸ್ತಿದೆ. ಹಳೆಯ ಚಿತ್ರ ಮತ್ತು ಸಂಗೀತದ ನಿಜವಾದ ಅಭಿಮಾನಿ ಹಾಡನ್ನು ಕೇಳಿ ತಲೆದೂಗಿ ಸುಮ್ಮನಾಗುವವನಲ್ಲ. ದಿನಕ್ಕೊಂದು ಪ್ರಶ್ನೆ ಅವನನ್ನು ಕಾಡುತ್ತಿರುತ್ತದೆ. ಬಸ್ಸಿಗೆ ಕಾಯುವಾಗ, ಬಟ್ಟೆ ಒಗೆಯುವಾಗ, ತರಕಾರಿ ಹೆಚ್ಚುವಾಗ ಅದೇ ಧ್ಯಾನ. ಆ ಪ್ರಶ್ನೆಗಳು ಎಂಥವು ಎಂಬುದನ್ನು ವಿದ್ಯಾರ್ಥಿಗಳೂ ಅವರ ತಂದೆತಾಯಿಯರೂ ಒಮ್ಮೆ ನೋಡಬೇಕು.

ಮೂರು ನಿಮಿಷದ ಲೆಕ್ಕ

ಹಳೆಯ ಹಾಡುಗಳಲ್ಲಿ ಹೆಚ್ಚಿನವು ಮೂರು, ಮೂರೂವರೆ ನಿಮಿಷಕ್ಕೆ ಮುಗಿದುಬಿಡುತ್ತವೆ. ಏಕೆ? ಅಂದಿನ ಕವಿಗಳಿಗೆ ಮಾತು ಕಡಿಮೆಯಿತ್ತೆಂದಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದೇ ಅಷ್ಟು. ಪಲ್ಲವಿ, ಎರಡು ಚರಣ, ನಡುನಡುವೆ ವಾದ್ಯಗಳ ತುಣುಕು ಎಲ್ಲವೂ ಆ ಅಳತೆಯೊಳಗೆ ಕೂರಬೇಕಿತ್ತು. ಹಾಡು ಉದ್ದವಾದರೆ ಅರ್ಧಕ್ಕೆ ನಿಲ್ಲಿಸಿ, ತಟ್ಟೆ ಮಗುಚಿ, ಮುಳ್ಳನ್ನು ಮತ್ತೆ ಇಟ್ಟು ಉಳಿದರ್ಧ ಕೇಳಬೇಕು. ಹೀಗಾಗಿ ಕೆಲವೊಮ್ಮೆ ಚಿತ್ರದಲ್ಲಿರುವ ಚರಣ ತಟ್ಟೆಯಲ್ಲಿ ಇರುವುದಿಲ್ಲ. ತಟ್ಟೆಯಲ್ಲಿರುವ ವಾದ್ಯದ ತುಣುಕು ಚಿತ್ರದಲ್ಲಿ ಇರುವುದಿಲ್ಲ. ಅಭಿಮಾನಿಗಳು ಒಂದೇ ಹಾಡಿನ ಎರಡು ರೂಪಗಳನ್ನು ಹುಡುಕಿಕೊಂಡು ಅಲೆಯುವುದರ ಹಿಂದೆ ಈ ಕಾರಣವಿದೆ. ಹೊರಗಿನವರಿಗೆ ‘ಅದೇ ಹಾಡಲ್ಲವೇ?’ ಎನಿಸುವುದು ಅವರಿಗೆ ಎರಡು ಬೇರೆ ಬೇರೆ ದಾಖಲೆ.

ಇನ್ನೊಂದು ಪ್ರಶ್ನೆ: ಹಾಡುತ್ತಿರುವವರು ಯಾರು? ವಾಕ್ಚಿತ್ರಗಳ ಆರಂಭದ ದಿನಗಳಲ್ಲಿ ಪಾತ್ರಧಾರಿಯೇ ಕ್ಯಾಮೆರಾದ ಎದುರು ನಿಂತು ಹಾಡಬೇಕಿತ್ತು. ನಾಟಕದ ಕಂಪನಿಗಳ ನಟರಿಗೆ ಚಿತ್ರರಂಗದಲ್ಲಿ ಬೇಡಿಕೆ ಬಂದದ್ದು ಇದರಿಂದಲೇ. ಅವರಿಗೆ ಕಂಠವೂ ಇತ್ತು, ಅಭಿನಯವೂ ಗೊತ್ತಿತ್ತು. 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆ ಹಿನ್ನೆಲೆ ಗಾಯನವನ್ನು ಬಳಸಿ ತೋರಿಸಿದ ಮೇಲೆ ಮುಖ ಒಬ್ಬರದು, ದನಿ ಇನ್ನೊಬ್ಬರದು ಎಂಬ ಏರ್ಪಾಡು ದೇಶದ ಎಲ್ಲ ಭಾಷೆಗಳಿಗೂ ಹಬ್ಬಿತು. ರಾಜಕುಮಾರ್ ಅವರ ಮುಖಕ್ಕೆ ಪಿ.ಬಿ. ಶ್ರೀನಿವಾಸ್ ಅವರ ದನಿ ಎಷ್ಟು ಒಗ್ಗಿಹೋಯಿತೆಂದರೆ, ಒಂದು ತಲೆಮಾರಿನ ಪ್ರೇಕ್ಷಕರಿಗೆ ಅವೆರಡನ್ನೂ ಬೇರೆ ಮಾಡಿ ನೋಡಲು ಆಗುತ್ತಿರಲಿಲ್ಲ.

ಇಲ್ಲೇ ಒಂದು ಜಾಣ ಪ್ರಶ್ನೆ ಹುಟ್ಟುತ್ತದೆ. ರಾಜಕುಮಾರ್ ಮೊದಲು ಹಾಡಿದ್ದು ಯಾವ ಚಿತ್ರಕ್ಕೆ? ‘1974ರ ಸಂಪತ್ತಿಗೆ ಸವಾಲ್’ ಎಂದು ಹತ್ತರಲ್ಲಿ ಎಂಟು ಮಂದಿ ಹೇಳುತ್ತಾರೆ. ಜಿ.ಕೆ. ವೆಂಕಟೇಶ್ ಅವರ ಸಂಗೀತದ ಆ ಚಿತ್ರದಿಂದ ರಾಜಕುಮಾರ್ ತಮ್ಮ ಹಾಡನ್ನು ತಾವೇ ಹಾಡತೊಡಗಿದರು ಎಂಬುದು ನಿಜ. ಆದರೆ ಅದಕ್ಕೆ 18 ವರ್ಷ ಮೊದಲೇ, 1956ರ ‘ಓಹಿಲೇಶ್ವರ’ದಲ್ಲಿ ಅವರ ದನಿ ಇತ್ತು. ಎಲ್ಲರೂ ಹೇಳುತ್ತಾರೆ ಎಂದ ಮಾತ್ರಕ್ಕೆ ಒಪ್ಪದೆ ಮೂಲಕ್ಕೆ ಹೋಗಿ ನೋಡುವುದು! ಇದನ್ನೇ ಅಲ್ಲವೇ ಶಾಲೆಯಲ್ಲಿ ಇತಿಹಾಸದ ಮೇಷ್ಟ್ರು ಕಲಿಸಲು ಹೆಣಗುವುದು?

ಹಾಡಿನಿಂದ ಪುಸ್ತಕಕ್ಕೆ

ಮಕ್ಕಳು ಸಿನಿಮಾ ಹಾಡಿನ ಹಿಂದೆ ಬಿದ್ದರೆ ಸಾಹಿತ್ಯ ಮರೆತಾರು ಎಂಬ ಅಂಜಿಕೆ ಹಿರಿಯರಿಗೆ ಇದ್ದೇ ಇದೆ. ಕನ್ನಡದ ಮಟ್ಟಿಗಂತೂ ಹಳೆಯ ಹಾಡುಗಳು ಮಾಡಿದ್ದು ಇದಕ್ಕೆ ತದ್ವಿರುದ್ಧ. 1963ರ ‘ಗೌರಿ’ ಚಿತ್ರದಲ್ಲಿ ಕುವೆಂಪು ಅವರ ಕವಿತೆಯೂ ಇದೆ, ಕೆ.ಎಸ್. ನರಸಿಂಹಸ್ವಾಮಿ ಅವರ ಕವಿತೆಯೂ ಇದೆ. ತ್ರಿವೇಣಿಯವರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ಬೆಳ್ಳಿ ಮೋಡ’ದಲ್ಲಿ (1967) ಬೆಳಗನ್ನು ಕುರಿತ ಬೇಂದ್ರೆಯವರ ಕವಿತೆ ಎಸ್. ಜಾನಕಿಯವರ ದನಿಯಲ್ಲಿ ಮನೆಮನೆ ಸೇರಿತು. ಬೇಂದ್ರೆಯವರ ಸಂಕಲನವನ್ನು ಕೈಯಲ್ಲಿ ಹಿಡಿಯದವರ ಬಾಯಲ್ಲೂ ಬೇಂದ್ರೆಯವರ ಸಾಲು ಬಂತು. ಅಂಥವರಲ್ಲಿ ಕೆಲವರಾದರೂ ಮುಂದೆ ಸಂಕಲನದ ತನಕ ಹೋಗಿರಲೇಬೇಕು.

ಶಾಸ್ತ್ರೀಯ ಸಂಗೀತದ ಬಾಗಿಲನ್ನೂ ಚಿತ್ರಗಳು ತೆರೆದವು. ಅ.ನ.ಕೃ. ಅವರ ಕಾದಂಬರಿ ಆಧರಿಸಿದ ‘ಸಂಧ್ಯಾರಾಗ’ಕ್ಕೆ (1966) ಪಂಡಿತ ಭೀಮಸೇನ ಜೋಶಿ ಹಾಡಿದರು. ತ.ರಾ.ಸು. ಅವರ ಕಾದಂಬರಿಯಿಂದ ಜಿ.ವಿ. ಅಯ್ಯರ್ ತೆಗೆದ ‘ಹಂಸಗೀತೆ’ಗೆ (1975) ಹಾಡಿ ಎಂ. ಬಾಲಮುರಳಿಕೃಷ್ಣ ರಾಷ್ಟ್ರಪ್ರಶಸ್ತಿ ಪಡೆದರು. ಕಛೇರಿಗೆ ಹೋಗಿ ಕೂರುವ ಅನುಕೂಲವಿಲ್ಲದ ಊರುಗಳಲ್ಲಿ ಎಷ್ಟೋ ಮಂದಿ ರಾಗ ಎಂಬುದನ್ನು ಮೊದಲು ಮನಸಾರೆ ಅನುಭವಿಸಿದ್ದು ಟೂರಿಂಗ್ ಟಾಕೀಸಿನ ಮರಳ ಮೇಲೆ ಕುಳಿತು.

ಈ ಹಾಡುಗಳು ತಯಾರಾದ ಬಗೆಯೂ ಇಂದಿನ ಮಕ್ಕಳಿಗೆ ಬೆರಗು ತರುವಂಥದು. ಆಗ ಕನ್ನಡ ಹಾಡುಗಳ ಧ್ವನಿಮುದ್ರಣ ಬಹುಪಾಲು ನಡೆಯುತ್ತಿದ್ದುದು ಮದರಾಸಿನಲ್ಲಿ. ಗಾಯಕರು, ಪಿಟೀಲಿನವರು, ಕೊಳಲಿನವರು, ತಬಲಾದವರು ಎಲ್ಲರೂ ಒಂದೇ ವೇಳೆಗೆ ಕೂಡಿ ನುಡಿಸಬೇಕು. ಕೊನೆಯ ಸಾಲಿನಲ್ಲಿ ಒಬ್ಬರು ತಪ್ಪಿದರೂ ಮತ್ತೆ ಮೊದಲಿನಿಂದ! ಈ ವಾದ್ಯಗಾರರಲ್ಲಿ ಹೆಚ್ಚಿನವರ ಹೆಸರು ಚಿತ್ರದ ಆರಂಭದಲ್ಲಿ ಓಡುವ ಪಟ್ಟಿಯಲ್ಲೂ ಇಲ್ಲ, ತಟ್ಟೆಯ ಮೇಲೂ ಇಲ್ಲ. ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದ ತರುಣರೊಬ್ಬರು ಮುಂದೆ ಇಳಯರಾಜ ಎಂದು ಲೋಕಪ್ರಸಿದ್ಧರಾದ್ದರಿಂದ ಅವರ ಆ ದಿನಗಳ ಸಂಗತಿ ನಮಗೆ ತಿಳಿದಿದೆ. ಪ್ರಸಿದ್ಧರಾಗದ ಉಳಿದವರ ಗತಿ?

ಸುಲೋಚನೆ ಎಲ್ಲಿ?

ಅಭಿಮಾನಿಯ ಯೋಚನೆ ಸಂತೋಷದಿಂದ ಸಂಕಟಕ್ಕೆ ತಿರುಗುವುದು ಇಲ್ಲಿ. ಕನ್ನಡದಲ್ಲಿ ತೆರೆಕಂಡ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ನಿರ್ದೇಶಕರು ವೈ.ವಿ. ರಾವ್. ಕಥೆ ಹಾಡು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿ. ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾಯರು ರಾವಣ. ಕನ್ನಡದ ಚಿತ್ರವಾದರೂ ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಛತ್ರಪತಿ ಸಿನೆಟೋನ್‌ನಲ್ಲಿ.

ಇಷ್ಟೆಲ್ಲ ವಿವರ ಗೊತ್ತಿದೆ. ಆದರೆ ಚಿತ್ರವೇ ಇಲ್ಲ. ಅದರ ಒಂದು ಪ್ರತಿಯೂ ಉಳಿದಿಲ್ಲ. ಕನ್ನಡಿಗರು ತೆರೆಯ ಮೇಲೆ ಮೊದಲು ಕೇಳಿದ ಕನ್ನಡದ ಮಾತು ಹೇಗಿತ್ತು, ಉಚ್ಚಾರ ಹೇಗಿತ್ತು, ಕಂಪನಿ ನಾಟಕದ ಗತ್ತು ಎಷ್ಟಿತ್ತು ಎಂಬುದನ್ನು ಕಣ್ಣಾರೆ ಕಂಡು ಕಿವಿಯಾರೆ ಕೇಳಲು ಇಂದಿನವರಿಗೆ ಸಾಧ್ಯವಿಲ್ಲ. ಕೆಲವು ಛಾಯಾಚಿತ್ರಗಳು, ಒಂದಷ್ಟು ಬರಹ, ಅಷ್ಟೇ. ಇದು ಕನ್ನಡದ ದೌರ್ಭಾಗ್ಯ ಮಾತ್ರವಲ್ಲ. ಭಾರತದ ಮೊದಲ ವಾಕ್ಚಿತ್ರ, 1931ರ ‘ಆಲಂ ಆರಾ’ ಕೂಡ ಹೀಗೆಯೇ ಕಾಣೆಯಾಗಿದೆ.

ಹೀಗೇಕಾಯಿತು? ಅಂದಿನ ಸುರುಳಿಗಳು ನೈಟ್ರೇಟ್ ಎಂಬ ವಸ್ತುವಿನವು. ಕಿಡಿ ತಗುಲಿದರೆ ಧಗ್ಗನೆ ಹೊತ್ತಿಕೊಳ್ಳುವಂಥವು. ಅನಂತರ ಬಂದ ಅಸಿಟೇಟ್ ಸುರುಳಿಗೆ ಬೆಂಕಿಯ ಭಯ ಕಡಿಮೆ. ಆದರೆ ಸೆಕೆ, ತೇವ ಹೆಚ್ಚಾದರೆ ವಿನೆಗರ್‌ನ ಹುಳಿವಾಸನೆ ಬಿಡುತ್ತಾ ಸುಕ್ಕಾಗಿ ಹಾಳಾಗುತ್ತದೆ. ಇವೆರಡಕ್ಕಿಂತ ದೊಡ್ಡ ಶತ್ರು ಮನುಷ್ಯನ ಲೆಕ್ಕಾಚಾರ. ಎರಡೂವರೆ ಗಂಟೆಯ ಚಿತ್ರವೆಂದರೆ ಸುಮಾರು 13,500 ಅಡಿ ಫಿಲ್ಮು. ಓಟ ಮುಗಿದ ಚಿತ್ರಕ್ಕೆ ಗೋದಾಮಿನ ಬಾಡಿಗೆ ದಂಡ ಎನಿಸಿದಾಗ, ಅದರಲ್ಲಿರುವ ಬೆಳ್ಳಿಯ ಅಂಶಕ್ಕಾಗಿ ಸುರುಳಿಗಳನ್ನು ಮಾರಿದರು. ಮುಂದೊಂದು ದಿನ ಯಾರಾದರೂ ಇದನ್ನು ಮತ್ತೆ ನೋಡಬಯಸಿಯಾರು ಎಂಬ ಎಣಿಕೆ ಆಗ ಯಾರಿಗಿತ್ತು?

ಉಳಿಸಿದವರೂ ಇದ್ದಾರೆ

ಅಂಥ ಎಣಿಕೆ ಇದ್ದವರಲ್ಲಿ ಪಿ.ಕೆ. ನಾಯರ್ ಒಬ್ಬರು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ಆರಂಭವಾಯಿತು. ಮರುವರ್ಷ ಅಲ್ಲಿ ಕೆಲಸಕ್ಕೆ ಸೇರಿದ ನಾಯರ್, 1991ರಲ್ಲಿ ನಿವೃತ್ತರಾಗುವ ತನಕ ದೇಶವೆಲ್ಲ ಸುತ್ತಿ ಡಬ್ಬಿ ಡಬ್ಬಿಯಾಗಿ ಚಿತ್ರಗಳನ್ನು ಕೂಡಿಹಾಕಿದರು. ದಾದಾಸಾಹೇಬ್ ಫಾಲ್ಕೆ ಅವರ ‘ರಾಜಾ ಹರಿಶ್ಚಂದ್ರ’ (1913), ‘ಕಾಳಿಯ ಮರ್ದನ’ (1919) ಚಿತ್ರಗಳ ಭಾಗಗಳು ಇಂದು ನೋಡಲು ಸಿಗುವುದಕ್ಕೆ ಅವರ ಹುಡುಕಾಟವೇ ಕಾರಣ. 2016ರಲ್ಲಿ ತೀರಿಕೊಂಡ ನಾಯರ್ ಒಳ್ಳೆಯ ಚಿತ್ರ, ಕೆಟ್ಟ ಚಿತ್ರ ಎಂದು ಭೇದ ಮಾಡಿದವರಲ್ಲ. ಮೊದಲು ಉಳಿಸಬೇಕು, ಬೆಲೆ ಕಟ್ಟುವ ಕೆಲಸ ಮುಂದಿನವರಿಗೆ ಬಿಡಬೇಕು ಎಂಬುದು ಅವರ ರೀತಿ. ಹಾಗೆಂದು ಭಂಡಾರ ಸೇರಿದ್ದೆಲ್ಲ ಕ್ಷೇಮವೆಂದೂ ಅಲ್ಲ. 2003ರ ಜನವರಿಯಲ್ಲಿ ಪುಣೆಯಲ್ಲಿ ಬಿದ್ದ ಬೆಂಕಿಯಲ್ಲಿ ನೈಟ್ರೇಟ್ ಸುರುಳಿಗಳ ದೊಡ್ಡ ರಾಶಿಯೇ ಬೂದಿಯಾಯಿತು.

ಕಾಪಾಡಿದ್ದಕ್ಕೆ ಫಲ ಸಿಗುತ್ತದೆಯೇ? ಸಿಗುತ್ತದೆ. ಯು.ಆರ್. ಅನಂತಮೂರ್ತಿ ಅವರ ಕಥೆ ಆಧರಿಸಿ ಗಿರೀಶ ಕಾಸರವಳ್ಳಿ 1977ರಲ್ಲಿ ಮಾಡಿದ ‘ಘಟಶ್ರಾದ್ಧ’ದ ಮೂಲ ನೆಗೆಟಿವ್ ಪುಣೆಯಲ್ಲಿ ಉಳಿದಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮುಂತಾದ ಸಂಸ್ಥೆಗಳು ಅದನ್ನು ಹೊಸದಾಗಿ ಸಂಸ್ಕರಿಸಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದ ಹಳೆಯ ಶ್ರೇಷ್ಠ ಚಿತ್ರಗಳ ವಿಭಾಗದಲ್ಲಿ ಈ ಕಪ್ಪುಬಿಳುಪು ಕನ್ನಡ ಚಿತ್ರ ಮತ್ತೆ ತೆರೆಕಂಡಿತು. ಒಂದು ಡಬ್ಬಿ ಉಳಿದಿದ್ದಕ್ಕೆ, 47 ವರ್ಷಗಳ ನಂತರ ಇಷ್ಟು ದೂರದ ಪ್ರಯಾಣ!

ಮನೆಯೊಳಗಿನ ಭಂಡಾರ

ಸುರುಳಿ ಕಾಯುವುದು ದೊಡ್ಡ ಸಂಸ್ಥೆಗಳ ಕೆಲಸ, ನಿಜ. ಹೆಸರು ಕಾಯುವ ಕೆಲಸವನ್ನು ಮಾತ್ರ ಯಾರು ಬೇಕಾದರೂ ಮಾಡಬಹುದು. ರೇಡಿಯೊದಲ್ಲಿ ಹಾಡಿಗೆ ಮುಂಚೆ ಚಿತ್ರ, ಗಾಯಕರು, ಸಾಹಿತ್ಯ, ಸಂಗೀತ ಎಂದು ನಾಲ್ಕೂ ಹೆಸರು ಹೇಳುವ ಪದ್ಧತಿ ಒಂದು ದೊಡ್ಡ ಪಾಠಶಾಲೆಯೇ ಆಗಿತ್ತು. ಆ ‘ಆಕಾಶವಾಣಿ’ ಎಂಬ ಹೆಸರೂ ಮೈಸೂರಿನದೇ, 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ಅಲ್ಲಿ ಆರಂಭಿಸಿದ ಬಾನುಲಿ ಕೇಂದ್ರದಿಂದ ದೇಶಕ್ಕೆಲ್ಲ ಹೋದದ್ದು. ಇಂದು ಹಾಡು ಮೊಬೈಲಿನಲ್ಲಿ ಬೆರಳ ತುದಿಗೆ ಸಿಗುತ್ತದೆ. ಆದರೆ ಎಷ್ಟೋ ಸಲ ನಟನ ಹೆಸರು ದಪ್ಪಕ್ಷರದಲ್ಲಿ, ಕವಿಯ ಹೆಸರು ಎಲ್ಲೂ ಇಲ್ಲ! ಯಾರೋ ಒಬ್ಬರು ತಪ್ಪಾಗಿ ಬರೆದ ಇಸವಿಯನ್ನು ನೂರು ಮಂದಿ ನಕಲು ಮಾಡುತ್ತಾರೆ. ಹಾಡು ಉಳಿದು ಹೆಸರು ಅಳಿಯುವುದು ಇನ್ನೊಂದು ಬಗೆಯ ಕಾಣೆಯಾಗುವಿಕೆ.

ವಿದ್ಯಾರ್ಥಿಗಳು ಒಂದು ನೂರು ಪುಟದ ನೋಟ್‌ಬುಕ್ ಇಟ್ಟರೆ ಸಾಕು. ಇಷ್ಟವಾದ ಪ್ರತಿ ಹಾಡಿಗೂ ಚಿತ್ರ, ಇಸವಿ, ಕವಿ, ಸಂಗೀತ ನಿರ್ದೇಶಕ, ಗಾಯಕರು ಎಂದು ಐದು ಅಂಕಣ. ಆರನೆಯ ಅಂಕಣ ಮುಖ್ಯವಾದದ್ದು: ‘ಇದು ಗೊತ್ತಾದದ್ದು ಎಲ್ಲಿಂದ?’ ಚಿತ್ರದ ಆರಂಭದ ಪಟ್ಟಿಯಿಂದಲೋ, ತಟ್ಟೆಯ ನಡುವಿನ ಕಾಗದದಿಂದಲೋ, ಟಾಕೀಸಿನಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕದಿಂದಲೋ, ಬರಿಯ ಬಾಯಿಮಾತಿನಿಂದಲೋ? ಎರಡು ಕಡೆ ಎರಡು ಬಗೆಯಾಗಿದ್ದರೆ ಎರಡನ್ನೂ ಬರೆಯಬೇಕು. ಅಜ್ಜ ಅಜ್ಜಿ ಇದ್ದರೆ, ಅವರು ನೋಡಿದ ಮೊದಲ ಚಿತ್ರ ಯಾವುದು, ಯಾವ ಟಾಕೀಸು, ಟಿಕೆಟಿಗೆ ಎಷ್ಟು ಕಾಸು, ಯಾರ ಜೊತೆ ಹೋಗಿದ್ದರು ಎಂದು ಕೇಳಿ ಬರೆದಿಡಬೇಕು. ಆ ಟಾಕೀಸು ಇದ್ದ ಜಾಗದಲ್ಲಿ ಇಂದು ಕಲ್ಯಾಣಮಂಟಪವೋ ಮಳಿಗೆಯೋ ಎದ್ದಿರಬಹುದು. ನೋಟ್‌ಬುಕ್ಕಿನಲ್ಲಿ ಅದು ಉಳಿಯುತ್ತದೆ.

ತಂದೆತಾಯಿಯರ ಪಾಲಿಗೂ ಒಂದಿಷ್ಟು ಕೆಲಸವಿದೆ. ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯನ್ನು ರದ್ದಿಯವನಿಗೆ ತೂಗಿ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡುವುದು ಒಳ್ಳೆಯದು. ಗ್ರಾಮಫೋನ್ ತಟ್ಟೆಗಳಿದ್ದರೆ ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಬೇಕು. ಬಿಸಿಲು ತಾಗಬಾರದು. 78 ಸುತ್ತಿನ ಹಳೆಯ ತಟ್ಟೆಯನ್ನು ಸ್ಪಿರಿಟ್ ಹಾಕಿ ಒರೆಸಲೇಬಾರದು. ಅದರಲ್ಲಿರುವ ಅರಗು ಸ್ಪಿರಿಟ್ಟಿಗೆ ಕರಗಿಹೋಗುತ್ತದೆ. ಹಾಡಿನ ಪುಸ್ತಕ, ಕರಪತ್ರ, ಹಳೆಯ ಪತ್ರಿಕೆಯ ಜಾಹೀರಾತು ಸಿಕ್ಕರೆ ಚಿತ್ರ ತೆಗೆದು, ಮೂಲವನ್ನು ಒಣಗಿದ ಜಾಗದಲ್ಲಿ ಇಡಬೇಕು. ಚಿತ್ರವೇ ಅಳಿದುಹೋದಾಗ ಅದರ ಕಥೆ, ಹಾಡು, ಪಾತ್ರಧಾರಿಗಳ ಹೆಸರು ತಿಳಿಯುವುದು ಇಂಥ ತೆಳುವಾದ ಕಾಗದಗಳಿಂದಲೇ.

ಮಗನೋ ಮಗಳೋ ಹಳೆಯ ಹಾಡಿನ ಗುಂಗಿನಲ್ಲಿ ಕುಳಿತಿದ್ದರೆ ಗದರುವ ಬದಲು ‘ಇದನ್ನು ಬರೆದವರು ಯಾರು?’ ಎಂದು ಕೇಳಿ ನೋಡಬಹುದು. ಉತ್ತರ ಗೊತ್ತಿದ್ದರೆ ಸಂತೋಷ. ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಹುಡುಕಬಹುದು. ಆ ಭಾನುವಾರದ ಮಧ್ಯಾಹ್ನ ದಂಡವಾಗುವುದಿಲ್ಲ.