ಶಾರ್ಟ್ ಬವೆಲ್ ಸಿಂಡ್ರೋಮ್: ಮನೆಗೆ ಮರಳಿದ ರೋಗಿಯ ಆರೈಕೆಯಲ್ಲಿ ಗ್ರಾಮ ಪಂಚಾಯಿತಿಯ ಪಾತ್ರ

ವಯಸ್ಕರಲ್ಲಿ ಸಣ್ಣ ಕರುಳು ಸುಮಾರು 6 ಮೀಟರ್ ಉದ್ದವಿರುತ್ತದೆ. ಆಹಾರದ ಪೋಷಕಾಂಶ, ಲವಣ ಹಾಗೂ ನೀರಿನ ಬಹುಪಾಲನ್ನು ಹೀರಿ ರಕ್ತಕ್ಕೆ ಸೇರಿಸುವುದು ಈ ಅಂಗವೇ. ರಕ್ತಪೂರೈಕೆ ನಿಂತು ಕರುಳು ಕೊಳೆತಾಗ, ತಿರುಚಿಕೊಂಡಾಗ ಅಥವಾ ಅಪಘಾತದಲ್ಲಿ ತೀವ್ರ ಹಾನಿಗೊಳಗಾದಾಗ, ಜೀವ ಉಳಿಸಲು ಅದರ ದೊಡ್ಡ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾಗುತ್ತದೆ. ಅವಧಿಗೆ ಮುನ್ನ ಜನಿಸಿದ ಕೆಲವು ಶಿಶುಗಳಿಗೂ ಈ ಸ್ಥಿತಿ ಒದಗುತ್ತದೆ. ವಯಸ್ಕರಲ್ಲಿ ಉಳಿದ ಸಣ್ಣ ಕರುಳು 2 ಮೀಟರಿಗಿಂತ ಕಡಿಮೆಯಿದ್ದು, ಹೀರುವಿಕೆ ಸಾಲದಾದಾಗ ಅದನ್ನು ಶಾರ್ಟ್ ಬವೆಲ್ ಸಿಂಡ್ರೋಮ್ ಎನ್ನುತ್ತಾರೆ. ಇದು ಸಾಂಕ್ರಾಮಿಕವಲ್ಲ.

ನೀರು ಕುಡಿದರೂ ನಿರ್ಜಲೀಕರಣವೇಕೆ?

ನಿರಂತರ ಭೇದಿ, ತೂಕ ಇಳಿಕೆ ಹಾಗೂ ನಿರ್ಜಲೀಕರಣ ಇದರ ಮುಖ್ಯ ಲಕ್ಷಣಗಳು. ದಾಹವೆಂದು ರೋಗಿಗೆ ಹೆಚ್ಚು ನೀರು ಅಥವಾ ಎಳನೀರು ಕುಡಿಸುವುದು ಸಹಜ. ಆದರೆ ಇವುಗಳಲ್ಲಿ ಸೋಡಿಯಂ ಲವಣ ಕಡಿಮೆ. ಆಗ ದೇಹದ ಲವಣವೇ ಕರುಳಿನೊಳಗೆ ಸೋರಿ, ಅದರೊಂದಿಗೆ ನೀರೂ ಹೊರಹೋಗುತ್ತದೆ. ಅತಿ ಸಿಹಿಯಾದ ಪಾನೀಯಗಳೂ ನೀರನ್ನು ಕರುಳಿಗೆ ಸೆಳೆದು ಭೇದಿಯನ್ನು ಹೆಚ್ಚಿಸುತ್ತವೆ. ಹೊಟ್ಟೆಯ ಮೇಲೆ ಚೀಲ ಅಳವಡಿಸಿರುವ ರೋಗಿಗಳಲ್ಲಿ ಈ ಅಪಾಯ ಅಧಿಕ. ಲವಣ ಮತ್ತು ಗ್ಲೂಕೋಸ್ ಸರಿಯಾದ ಪ್ರಮಾಣದಲ್ಲಿದ್ದರೆ ಕರುಳು ಎರಡನ್ನೂ ಒಟ್ಟಿಗೆ ಹೀರಿ, ನೀರನ್ನೂ ಒಳಗೆಳೆದುಕೊಳ್ಳುತ್ತದೆ. ಆದ್ದರಿಂದಲೇ ಓ.ಆರ್.ಎಸ್. ದ್ರಾವಣ ಇಲ್ಲಿ ಔಷಧಿಯಷ್ಟೇ ಮುಖ್ಯ. ಸಾದಾ ನೀರಿನ ಮಿತಿಯನ್ನು ವೈದ್ಯರೇ ನಿಗದಿಪಡಿಸಬೇಕು.

ಚಿಕಿತ್ಸೆಯ ಸ್ವರೂಪ

ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಹಲವು ಬಾರಿ ಆಹಾರ, ಭೇದಿ ತಗ್ಗಿಸುವ ಮಾತ್ರೆ ಹಾಗೂ ಜೀವಸತ್ವಗಳು ಚಿಕಿತ್ಸೆಯ ತಳಹದಿ. ಸಣ್ಣ ಕರುಳಿನ ಕೊನೆಯ ಭಾಗ ಕಳೆದುಕೊಂಡವರಿಗೆ ಬಿ-12 ಚುಚ್ಚುಮದ್ದು ಸಾಮಾನ್ಯವಾಗಿ ಜೀವನಪರ್ಯಂತ ಬೇಕು. ಆಹಾರದಿಂದ ಪೋಷಣೆ ಸಾಲದಿದ್ದರೆ ರಕ್ತನಾಳದ ಮೂಲಕ ಪೋಷಕ ದ್ರಾವಣ ನೀಡಲಾಗುತ್ತದೆ. ಉಳಿದ ಕರುಳು ಸುಮಾರು 2 ವರ್ಷಗಳವರೆಗೆ ಕ್ರಮೇಣ ಹೊಂದಿಕೊಂಡು ಹೀರುವ ಶಕ್ತಿ ಹೆಚ್ಚಿಸಿಕೊಳ್ಳುತ್ತದೆ. ಈ ಅವಧಿಯ ಆರೈಕೆ ನಿರ್ಣಾಯಕ. ಆಯ್ದ ರೋಗಿಗಳಿಗೆ ಕರುಳನ್ನು ಉದ್ದಗೊಳಿಸುವ ಶಸ್ತ್ರಚಿಕಿತ್ಸೆ ಅಥವಾ ಕರುಳಿನ ಕಸಿಯ ಮಾರ್ಗವೂ ಇದೆ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಇಂತಹ ರೋಗಿಯ ಮನೆಗೆ ಓ.ಆರ್.ಎಸ್. ಪೊಟ್ಟಣಗಳು ಕೊರತೆಯಾಗದಂತೆ ಆಶಾ ಕಾರ್ಯಕರ್ತೆ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರದೊಂದಿಗೆ ಸಮನ್ವಯ ಸಾಧಿಸುವುದು. 1 ಲೀಟರಿನ ಪೊಟ್ಟಣವನ್ನು ಪೂರ್ಣ 1 ಲೀಟರ್ ಶುದ್ಧ ನೀರಿನಲ್ಲಿಯೇ ಕರಗಿಸಬೇಕು. 24 ಗಂಟೆಗಳ ನಂತರ ಉಳಿದದ್ದನ್ನು ಚೆಲ್ಲಬೇಕು.

2. ಆ ಬೀದಿಯ ಕೊಳವೆ ಸೋರಿಕೆಯನ್ನು ಆದ್ಯತೆಯ ಮೇಲೆ ದುರಸ್ತಿಪಡಿಸಿ, ನೀರಿನ ಕ್ಲೋರಿನೀಕರಣವನ್ನು ಖಚಿತಪಡಿಸುವುದು. ಇತರರಿಗೆ ಎರಡು ದಿನದಲ್ಲಿ ವಾಸಿಯಾಗುವ ಭೇದಿ ಈ ರೋಗಿಯ ಪ್ರಾಣಕ್ಕೇ ಎರವಾಗಬಹುದು.

3. ಮನೆಯಲ್ಲಿ ಬಳಕೆಯಲ್ಲಿರುವ ಶೌಚಾಲಯ ಮತ್ತು ಕೈತೊಳೆಯುವ ನಲ್ಲಿ ಇದೆಯೇ ಎಂದು ಪರಿಶೀಲಿಸುವುದು.

4. ಪೋಷಕ ದ್ರಾವಣದ ಚೀಲಗಳನ್ನು ಶೀತಕದಲ್ಲಿಡಬೇಕಾದ ಮನೆಗಳ ಕುರಿತು ವಿದ್ಯುತ್ ಸರಬರಾಜು ಕಂಪನಿಯ ಶಾಖಾ ಕಚೇರಿಗೆ ಮುಂಚಿತವಾಗಿ ತಿಳಿಸುವುದು.

5. ರಕ್ತನಾಳದಲ್ಲಿ ನಳಿಕೆ ಇರುವವರಿಗೆ ಚಳಿಜ್ವರ ಬಂದರೆ, ಅಥವಾ ಯಾವುದೇ ರೋಗಿಗೆ ಮೂತ್ರ ತೀರಾ ಕಡಿಮೆಯಾಗಿ ತಲೆಸುತ್ತು ಬಂದರೆ ತಡಮಾಡದೆ 108ಕ್ಕೆ ಕರೆ ಮಾಡುವಂತೆ ಕುಟುಂಬಕ್ಕೆ ಮನವರಿಕೆ ಮಾಡುವುದು.

6. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಪಡೆಯಲು ನೆರವಾಗಿ, ದೊರೆಯುವ ಸೌಲಭ್ಯವನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸಲು ತಿಳಿಸುವುದು.

ಶಸ್ತ್ರಚಿಕಿತ್ಸೆ ಆಸ್ಪತ್ರೆಯಲ್ಲಿ ಮುಗಿದರೂ, ಆರೈಕೆಯ ದೀರ್ಘ ಭಾಗ ನಡೆಯುವುದು ಗ್ರಾಮದಲ್ಲಿಯೇ. ಆದುದರಿಂದ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಚರ್ಚಿಸುವುದು ಸೂಕ್ತ. ರೋಗಿಯ ಒಪ್ಪಿಗೆಯಿಲ್ಲದೆ ಅವರ ಹೆಸರನ್ನು ಸಭೆಯಲ್ಲಿಯಾಗಲಿ, ನಡವಳಿಯಲ್ಲಿಯಾಗಲಿ ನಮೂದಿಸತಕ್ಕದ್ದಲ್ಲ.