ತ್ರಾಸು ಸರಿಯಾದರೆ ತ್ರಾಸವಿಲ್ಲ! ತ್ರಾಸಿಯ ಆಕಾಶಕ್ಕೆ ದುರ್ಬೀನು ಹೂಡುವ ಬಗೆ

ತ್ರಾಸಿ: ಸಾವಿರಾರು ರೂಪಾಯಿ ಕೊಟ್ಟು ಮಕ್ಕಳಿಗೆ ಟೆಲಿಸ್ಕೋಪು ತರಿಸಿದ್ದಾಯಿತು. ಪೆಟ್ಟಿಗೆ ಬಿಚ್ಚಿದ್ದೂ ಆಯಿತು. ಒಳಗೆ ಮೂರು ಕಾಲು, ಒಂದು ಕೊಳವೆ, ಒಂದು ಭಾರದ ಗುಂಡು, ಎರಡು ಉದ್ದನೆಯ ತಿರುಗಣೆ, ಒಂದು ಹಿಡಿ ಸ್ಕ್ರೂ! ಎಲ್ಲ ಜೋಡಿಸಿ ನಿಲ್ಲಿಸಿದರೆ ಕುತ್ತಿಗೆ ಸೊಟ್ಟಗಾದ ಕೊಕ್ಕರೆಯ ಹಾಗೆ ಕಾಣುತ್ತದೆ. ಚಂದ್ರನ ಕಡೆ ತಿರುಗಿಸಿದರೆ ಅದು ಇನ್ನೆಲ್ಲಿಗೋ ಹೊರಳುತ್ತದೆ. "ಎಂತದೂ ಕಾಣ್ತಿಲ್ಲೆ ಮಾರಾಯ್ರೆ" ಎಂದು ಎರಡು ರಾತ್ರಿ ಒದ್ದಾಡಿ ಮೂರನೇ ದಿನ ಕಪಾಟಿನ ಮೇಲೆ ಹತ್ತಿಸಿದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ಮುಂದಿನ ಮಳೆಗಾಲಕ್ಕೆ ಗಾಜಿಗೆ ಬೂಷ್ಟು, ಸ್ಕ್ರೂಗಳಿಗೆ ತುಕ್ಕು.

2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲಿಳಿದದ್ದನ್ನು ಟಿ.ವಿ.ಯಲ್ಲಿ ಕಂಡ ಮಕ್ಕಳಿಗೆ ಆಕಾಶದ ಆಸೆ ಹುಟ್ಟಿದ್ದು ಸಹಜ. ಆ ಆಸೆ ಕಪಾಟಿನ ಮೇಲೆ ಧೂಳು ತಿನ್ನಬಾರದು. ಹೆಚ್ಚಿನ ಸಲ ತಪ್ಪು ಗಾಜಿನದ್ದಲ್ಲ, ದುರ್ಬೀನನ್ನು ಹೊತ್ತು ನಿಲ್ಲುವ ಪೀಠದ್ದು. ಅದಕ್ಕೆ ಇಕ್ವಟೋರಿಯಲ್ ಮೌಂಟ್ ಎಂದು ಹೆಸರು.

ಓರೆಯಾಗಿ ಏಕೆ ನಿಲ್ಲಬೇಕು?

ಭೂಮಿ ತನ್ನ ಅಚ್ಚಿನ ಮೇಲೆ ಸುತ್ತುತ್ತದೆ. ಆದ್ದರಿಂದ ಆಕಾಶವೇ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಂತೆ ಪಶ್ಚಿಮಕ್ಕೆ ಸರಿದ ಹಾಗೆ ಕಾಣುತ್ತದೆ. ಚಂದ್ರನ ಅಗಲ ಅರ್ಧ ಡಿಗ್ರಿ. ನೂರು ಪಟ್ಟು ದೊಡ್ಡದು ಮಾಡಿ ನೋಡಿದರೆ ಗಾಜಿನಲ್ಲಿ ಕಾಣುವ ಜಾಗವೂ ಸುಮಾರು ಅಷ್ಟೇ. ಎರಡು ನಿಮಿಷ ಸುಮ್ಮನೆ ಕುಳಿತರೆ ಚಂದ್ರ ಹೊರಗೆ! ಸಾದಾ ಪೀಠದಲ್ಲಿ ಅವನನ್ನು ಹಿಂಬಾಲಿಸಲು ಮೇಲೆ ಕೆಳಗೆ, ಎಡ ಬಲ ಎಂದು ಎರಡೂ ಕೈ ಆಡಿಸಬೇಕು. ಇಕ್ವಟೋರಿಯಲ್ ಪೀಠದ ಒಂದು ಅಚ್ಚನ್ನು ಭೂಮಿಯ ಅಚ್ಚಿಗೆ ಸಮಾನವಾಗಿ ಓರೆ ಮಾಡಿ ನಿಲ್ಲಿಸಿದರೆ ಒಂದೇ ತಿರುಗಣೆ ಸಾಕು. ಬೆರಳಿನಲ್ಲಿ ಮೆಲ್ಲಗೆ ತಿರುಗಿಸುತ್ತಿದ್ದರೆ ಚಂದ್ರ ಗಾಜಿನಲ್ಲೇ ಇರುತ್ತಾನೆ. ಓರೆಯ ಗುಟ್ಟು ಇಷ್ಟೇ.

ಪುಸ್ತಕದ ಚಿತ್ರ ಬೇರೆ, ತ್ರಾಸಿ ಬೇರೆ

ಎಷ್ಟು ಓರೆ? ಊರಿನ ಅಕ್ಷಾಂಶ ಎಷ್ಟೋ ಅಷ್ಟು. ಎಡವುವುದು ಇಲ್ಲಿಯೇ. ಲಂಡನ್ ಇರುವುದು ಐವತ್ತೊಂದೂವರೆ ಡಿಗ್ರಿಯಲ್ಲಿ, ನ್ಯೂಯಾರ್ಕ್ ಸುಮಾರು 41ರಲ್ಲಿ. ಆ ಕಡೆಯವರಿಗಾಗಿ ಬರೆದ ಪುಸ್ತಕದ ಚಿತ್ರದಲ್ಲಿ ಪೀಠದ ತಲೆ ಎತ್ತರಕ್ಕೆ ಎದ್ದಿರುತ್ತದೆ. ಅದನ್ನೇ ನೋಡಿ ಇಲ್ಲಿ ಜೋಡಿಸಿದರೆ ಕೆಟ್ಟಿತು. ತ್ರಾಸಿಯ ಅಕ್ಷಾಂಶ ಸುಮಾರು 13.7 ಡಿಗ್ರಿ. ಪೀಠದ ಪಕ್ಕದಲ್ಲಿರುವ ಅಂಕಿಯ ಪಟ್ಟಿಯನ್ನು 14ರ ಹತ್ತಿರಕ್ಕೆ ಇಳಿಸಬೇಕು. ಆಗ ಅಚ್ಚು ಹಂಚಿನ ಮಾಡಿನ ಇಳಿಜಾರಿಗಿಂತಲೂ ತಗ್ಗಾಗಿ, ಹೆಚ್ಚುಕಡಿಮೆ ಮಲಗಿದ ಹಾಗೆ ಕಾಣುತ್ತದೆ. ಹೆದರಬೇಕಾಗಿಲ್ಲ, ಅದೇ ಸರಿ.

ತಮಿಳುನಾಡಿನ ಕಾವಲೂರಿನಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ದೊಡ್ಡ ದುರ್ಬೀನಿದೆ. ಕನ್ನಡಿಯ ಅಗಲ 2.34 ಮೀಟರ್. 1986ರ ಜನವರಿಯಲ್ಲಿ ಪ್ರಧಾನಿ ರಾಜೀವ್ ಗಾಂಧಿ ಅದಕ್ಕೆ ವೇಣು ಬಾಪು ಅವರ ಹೆಸರಿಟ್ಟರು. ಅದೂ ಇದೇ ಬಗೆಯ ಪೀಠದ ಮೇಲೆ ಸುಮಾರು ಹನ್ನೆರಡೂವರೆ ಡಿಗ್ರಿ ಓರೆಯಲ್ಲಿ ನಿಂತಿದೆ. ಅಷ್ಟು ದೊಡ್ಡದಕ್ಕೂ ಮನೆಯ ಸಣ್ಣದಕ್ಕೂ ಲೆಕ್ಕ ಒಂದೇ!

ಆದರೆ ಕೆಲವು ಅಗ್ಗದ ಪೀಠಗಳು 20 ಡಿಗ್ರಿಗಿಂತ ಕೆಳಗೆ ಇಳಿಯಲು ಒಪ್ಪುವುದಿಲ್ಲ, ಬೋಲ್ಟು ಅಡ್ಡ ಬರುತ್ತದೆ. ಕೊಳ್ಳುವ ಮೊದಲೇ "14ಕ್ಕೆ ಇಳೀತದಾ?" ಎಂದು ಕೇಳುವುದು ಜಾಣತನ. ಈಗಾಗಲೇ ಕೊಂಡವರು ಉತ್ತರದ ಕಾಲನ್ನು ಸ್ವಲ್ಪ ಗಿಡ್ಡ ಮಾಡಿ ನಾಲ್ಕೈದು ಡಿಗ್ರಿ ಬಗ್ಗಿಸಬಹುದು. ಹೆಚ್ಚು ಬಗ್ಗಿಸಿದರೆ ಇಡೀ ಸರಂಜಾಮು ಮುಗ್ಗರಿಸೀತು. ಭಾರದ ಕಂಬಿ ಕಾಲಿಗೆ ತಾಗಿದರೆ, ಅದು ಎರಡು ಕಾಲುಗಳ ನಡುವೆ ಇಳಿಯುವಂತೆ ಕಾಲುಗಳನ್ನು ತಿರುಗಿಸಿಡಬೇಕು.

ತಕ್ಕಡಿ ಮೊದಲು

ಜೋಡಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ಮೂರು ಕಾಲು, ಮೇಲೆ ಪೀಠದ ತಲೆ. ಆಮೇಲೆ ಕಂಬಿ ಮತ್ತು ಭಾರದ ಗುಂಡು. ಕಂಬಿಯ ತುದಿಯ ಸ್ಕ್ರೂ ಮರೆಯಬಾರದು, ಮರೆತರೆ ಗುಂಡು ಜಾರಿ ಕಾಲ್ಬೆರಳಿನ ಮೇಲೆ! ಕೊಳವೆಯನ್ನು ಕೂರಿಸುವುದು ಕೊನೆಗೆ. ಬಿಚ್ಚುವಾಗ ಇದೇ ತಿರುಗುಮುರುಗು: ಮೊದಲು ಕೊಳವೆ, ನಂತರ ಗುಂಡು.

ಈಗ ತೂಕ ನೋಡಬೇಕು. ಹಳೆಯ ಬಾವಿಯ ಏತಕ್ಕೆ ಹಿಂದೆ ಕಲ್ಲು ಕಟ್ಟುತ್ತಿದ್ದರಲ್ಲ, ಈ ಗುಂಡಿನ ಕೆಲಸವೂ ಅದೇ. ಕಂಬಿಯನ್ನು ನೆಲಕ್ಕೆ ಸಮನಾಗಿ ಅಡ್ಡ ಹಿಡಿದು, ಬಿಗಿ ಸಡಿಲಿಸಿ, ಮೆಲ್ಲಗೆ ಕೈ ಬಿಡಬೇಕು. ಕೊಳವೆ ಕೆಳಗೆ ವಾಲಿದರೆ ಗುಂಡನ್ನು ಹೊರಕ್ಕೆ ಸರಿಸಬೇಕು, ಗುಂಡು ವಾಲಿದರೆ ಒಳಕ್ಕೆ. ಬಳಿಕ ಕೊಳವೆಯನ್ನು ಅದರ ಬಳೆಗಳಲ್ಲಿ ಹಿಂದೆ ಮುಂದೆ ಜಾರಿಸಿ ಅದನ್ನೂ ತೂಗಬೇಕು. ಅಂಗಡಿಯ ತಕ್ಕಡಿಯ ಮುಳ್ಳು ನಡುವೆ ನಿಂತ ಹಾಗೆ ನಿಂತರೆ ಸರಿ. ತೂಕ ತಪ್ಪಿದರೆ ತಿರುಗಣೆ ಬಿಗಿ, ಹಲ್ಲು ಸವೆತ, ನೋಟ ಅಲುಗಾಟ.

ಮೇಲಿರುವ ಸಣ್ಣ ಗುರಿಕೊಳವೆಯನ್ನು ಹಗಲಲ್ಲೇ ಸರಿಪಡಿಸಿಕೊಳ್ಳಬೇಕು. ದೂರದ ಮೊಬೈಲ್ ಟವರನ್ನು ದೊಡ್ಡ ಕೊಳವೆಯಲ್ಲಿ ಹಿಡಿದು, ಸಣ್ಣದರ ನಡುವೆಯೂ ಅದೇ ಬರುವಂತೆ ಸ್ಕ್ರೂ ತಿರುಗಿಸಿದರೆ ಆಯಿತು. ಟವರು ತಲೆಕೆಳಗಾಗಿ ಕಂಡರೆ ಮಾಲು ಕೆಟ್ಟದ್ದಲ್ಲ, ಅದರ ಗುಣವೇ ಹಾಗೆ.

ಧ್ರುವ ಎಲ್ಲಿ ಸ್ವಾಮಿ?

ಮದುವೆಯಲ್ಲಿ ಪುರೋಹಿತರು ಹಗಲು ಹೊತ್ತಿನಲ್ಲೇ ಆಕಾಶಕ್ಕೆ ಬೆರಳು ತೋರಿಸಿ ಧ್ರುವ, ಅರುಂಧತಿ ಎನ್ನುತ್ತಾರೆ. ತಲೆಯಾಡಿಸಿದವರೇ ಎಲ್ಲ, ಕಂಡವರು ಯಾರು? ದುರ್ಬೀನು ಇಟ್ಟವರಿಗೆ ಧ್ರುವ ಬೇಕೇ ಬೇಕು. ಪೀಠದ ಅಚ್ಚು ಅವನ ಕಡೆಗೇ ಮುಖ ಮಾಡಬೇಕು.

ತ್ರಾಸಿಯಿಂದ ಉತ್ತರ ಎಂದರೆ ಮರವಂತೆಯ ಕಡೆ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ದಿಗಂತದಿಂದ ಸುಮಾರು ಒಂದೂವರೆ ಮುಷ್ಟಿ ಮೇಲೆ ಧ್ರುವ ಇದ್ದಾನೆ. ಬೇಸಿಗೆಯ ಸಂಜೆಗಳಲ್ಲಿ ಸಪ್ತರ್ಷಿ ಮಂಡಲದ ಮುಂದಿನ ಎರಡು ನಕ್ಷತ್ರಗಳನ್ನು ಕೂಡಿಸುವ ಗೆರೆಯನ್ನು ಐದು ಪಟ್ಟು ಎಳೆದರೆ ಅವನೇ ಸಿಗುತ್ತಾನೆ. ದೊಡ್ಡ ಬೆಳಕಿನ ನಕ್ಷತ್ರವಲ್ಲ. ಐವತ್ತು ಅಡಿಯ ತೆಂಗಿನ ಮರ 200 ಅಡಿ ದೂರದಲ್ಲಿದ್ದರೂ ಮರೆಯಾಗುತ್ತಾನೆ. ಕಡಲ ಕಡೆಯ ಮಂಜು ಮಸುಕು ಬೇರೆ. ಕಾಣದಿದ್ದರೆ ಚಿಂತೆಯಿಲ್ಲ: ಪಟ್ಟಿಯನ್ನು 14ಕ್ಕೆ ಇಟ್ಟು, ಮೊಬೈಲಿನ ದಿಕ್ಸೂಚಿಯಲ್ಲಿ ಉತ್ತರ ಹಿಡಿದರೆ ಕಣ್ಣಿನಿಂದ ನೋಡುವ ಕೆಲಸಕ್ಕೆ ಸಾಕು. ದಿಕ್ಸೂಚಿಯನ್ನು ಕಬ್ಬಿಣದಿಂದ ದೂರ ಹಿಡಿಯಬೇಕು ಅಷ್ಟೆ.

ಬೀಚಿನಲ್ಲಿ ಬೇಡ

ಬೀಚಿನಲ್ಲೇ ಹೂಡುವ ಆಸೆ ಒಳ್ಳೆಯದಲ್ಲ. ಮರಳಿನಲ್ಲಿ ಕಾಲು ಹೂಳುತ್ತದೆ, ಹಲ್ಲುಗಳಿಗೆ ಮರಳು ನುಗ್ಗುತ್ತದೆ, ಪಕ್ಕದ 66ರ ಹೆದ್ದಾರಿಯಲ್ಲಿ ಬಸ್ಸು ಲಾರಿಗಳ ಬೆಳಕು ಕಣ್ಣಿಗೆ ರಾಚುತ್ತದೆ. ಒಳಗಿನ ಗದ್ದೆಯ ಬದಿ, ಶಾಲೆಯ ಮೈದಾನ, ಮನೆಯ ಗಟ್ಟಿ ಅಂಗಳ ಲೇಸು. ಉಪ್ಪುಗಾಳಿ ತಾಗಿದ ಸ್ಕ್ರೂಗಳನ್ನು ಒಣ ಬಟ್ಟೆಯಲ್ಲಿ ಒರೆಸಬೇಕು, ಆದರೆ ಕನ್ನಡಿಯನ್ನು ಉಜ್ಜಲೇಬಾರದು. ಜೂನ್‌ನಿಂದ ಮಳೆ ಬಿಡುವ ತನಕ ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣಗಳ ಜೊತೆ ಇಟ್ಟರೆ ಗಾಜು ಉಳಿದೀತು.

ಮೊದಲ ನೋಟಕ್ಕೆ ಚಂದ್ರನೇ ಲೇಸು, ಅದೂ ಹುಣ್ಣಿಮೆಯ ಚಂದ್ರ ಬೇಡ, ಅರ್ಧ ಚಂದ್ರ. ಕುಳಿಗಳ ನೆರಳು ಆಗಲೇ ಚೆನ್ನ. ನಂತರ ಗುರು. 1610ರಲ್ಲಿ ಗೆಲಿಲಿಯೊ ಕಂಡ ನಾಲ್ಕು ಉಪಗ್ರಹಗಳು ಸಣ್ಣ ದುರ್ಬೀನಿಗೂ ಸಿಗುತ್ತವೆ. ಶನಿಯ ಉಂಗುರ 2025ರ ಮಾರ್ಚಿನಲ್ಲಿ ಭೂಮಿಗೆ ಅಂಚು ತೋರಿಸಿ ಗೆರೆಯಷ್ಟಾಗಿತ್ತು. ಅದು ಮತ್ತೆ ತೆರೆದುಕೊಳ್ಳಲು ವರ್ಷಗಳೇ ಬೇಕು. ಉಂಗುರ ತೆಳ್ಳಗೆ ಕಂಡರೆ ದುರ್ಬೀನನ್ನು ಬೈಯುವುದು ಅನ್ಯಾಯ.

ಒಂದು ಮಾತು ಮಾತ್ರ ಮಕ್ಕಳಿಗೆ ಗದರಿಸಿಯೇ ಹೇಳಬೇಕು: ಸೂರ್ಯನ ಕಡೆ ಕೊಳವೆ ತಿರುಗಿಸಬಾರದು. ಕ್ಷಣದಲ್ಲಿ ಕಣ್ಣು ಹೋದೀತು. ಗುರಿಕೊಳವೆಗೂ ಹಗಲಲ್ಲಿ ಮುಚ್ಚಳ ಇರಲಿ.

ದುರ್ಬೀನು ಇನ್ನೂ ಕೊಳ್ಳದವರಿಗೂ ಖರ್ಚಿಲ್ಲದ ಪರೀಕ್ಷೆ ಒಂದಿದೆ. ರಾತ್ರಿ ಬಸ್ಸಿಳಿದ ಮೇಲೆ ಉತ್ತರಕ್ಕೆ ತಿರುಗಿ ಒಂದೂವರೆ ಮುಷ್ಟಿ ಎತ್ತಿ ನೋಡಬಹುದು. ಅಲ್ಲಿ ಅಲುಗದೆ ನಿಂತ ನಕ್ಷತ್ರ ಕಂಡಿತೆಂದರೆ ಅರ್ಧ ಕೆಲಸ ಆದ ಹಾಗೆ. ಉಳಿದರ್ಧಕ್ಕೆ ತಕ್ಕಡಿ ಹಿಡಿದು ಗೊತ್ತಿದ್ದವರು ಸಾಕು!