ಅಡಿಕೆ ವಹಿವಾಟು ಮತ್ತು ರೋಗಶಾಸ್ತ್ರದ ಎಚ್ಚರಿಕೆ

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿ ಹೋಬಳಿಯಲ್ಲಿ ಭತ್ತ, ಮೆಕ್ಕೆಜೋಳಗಳೊಡನೆ ಅಡಿಕೆಯೂ ರೈತರ ಆದಾಯದ ಮೂಲವಾಗಿದೆ. ಕೊಯ್ಲು, ಸುಲಿತ, ಬೇಯಿಸುವಿಕೆ, ಸಾಗಣೆಗಳನ್ನು ನಂಬಿದ ಕುಟುಂಬಗಳು ಅನೇಕ. ಚನ್ನಗಿರಿ, ಶಿವಮೊಗ್ಗ ಮಾರುಕಟ್ಟೆಗಳಲ್ಲಿ ರಾಶಿ, ಬೆಟ್ಟೆಗಳ ಧಾರಣೆಯನ್ನು ದಿನವೂ ಗಮನಿಸುವ ವರ್ತಕರು, ಇದೇ ಅಡಿಕೆಯ ಬಗ್ಗೆ ರೋಗಶಾಸ್ತ್ರ ಹೇಳುವುದನ್ನೂ ಅರಿಯುವುದು ಅಗತ್ಯವಾಗಿದೆ.

ರೋಗವು ಜೀವಕೋಶ, ಅಂಗಾಂಶ ಹಾಗೂ ಅಂಗಗಳಲ್ಲಿ ಉಂಟುಮಾಡುವ ಬದಲಾವಣೆಗಳ ಅಧ್ಯಯನವೇ ರೋಗಶಾಸ್ತ್ರ. ಕೀನ್ಯಾದಲ್ಲಿ ನೆಲೆಸಿದ್ದ ಭಾರತೀಯ ಮಹಿಳೆಯರ ಬಾಯಿಯಲ್ಲಿ ಕಂಡುಬಂದ ವಿಚಿತ್ರ ಬಿಗಿತವನ್ನು 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ವಿವರಿಸಿದರು. ಮರುವರ್ಷ ಮುಂಬಯಿಯ ಡಾ. ಜೋಶಿಯವರು ಇದೇ ಸ್ಥಿತಿಯನ್ನು ಭಾರತದಲ್ಲಿ ಗುರುತಿಸಿದರು. ಇಂದು ಇದು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಪರಿಚಿತ.

ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಸಸ್ಯಕ್ಷಾರಾಭವು (ಆಲ್ಕಲಾಯ್ಡ್) ಒಳಪೊರೆಯ ಕೆಳಗಿನ ಕೋಶಗಳನ್ನು ಪ್ರಚೋದಿಸಿ ಕೊಲಾಜೆನ್ ನಾರನ್ನು ಮಿತಿಮೀರಿ ಉತ್ಪಾದಿಸುವಂತೆ ಮಾಡುತ್ತದೆ. ಅಡಿಕೆಯಲ್ಲಿನ ತಾಮ್ರವು ಲೈಸಿಲ್ ಆಕ್ಸಿಡೇಸ್ ಕಿಣ್ವದ ಚಟುವಟಿಕೆ ಹೆಚ್ಚಿಸಿ, ಆ ನಾರುಗಳನ್ನು ಪರಸ್ಪರ ಬಿಗಿಯಾಗಿ ಹೆಣೆಯಲು ನೆರವಾಗುತ್ತದೆ. ಹೀಗೆ ಹೆಣೆದ ನಾರು ಸುಲಭವಾಗಿ ಕರಗದು. ಸೂಕ್ಷ್ಮದರ್ಶಕದಲ್ಲಿ ಮೇಲ್ಪೊರೆ ತೆಳುವಾಗಿಯೂ, ಅದರಡಿಯಲ್ಲಿ ನಾರು ದಟ್ಟವಾಗಿಯೂ ಕಾಣುತ್ತದೆ. ಖಾರ ತಿಂದರೆ ಉರಿ, ಕೆನ್ನೆಯಲ್ಲಿ ಬಿಳಿಚಿದ ಪಟ್ಟಿ, ಕ್ರಮೇಣ ಬಾಯಿ ತೆರೆಯಲಾಗದಿರುವುದು ಇದರ ಲಕ್ಷಣಗಳು. ತಮ್ಮದೇ ಮೂರು ಬೆರಳುಗಳನ್ನು ಲಂಬವಾಗಿ ಹಲ್ಲುಗಳ ನಡುವೆ ಇರಿಸಲಾಗದವರು ತಪಾಸಣೆಗೆ ಒಳಗಾಗುವುದು ಸೂಕ್ತ. ಗಟ್ಟಿಯಾದ ಅಂಗಾಂಶ ಸಾಮಾನ್ಯವಾಗಿ ಪೂರ್ವಸ್ಥಿತಿಗೆ ಮರಳದು; ಕೆಲವರಲ್ಲಿ ಅದು ಕ್ಯಾನ್ಸರಿಗೆ ತಿರುಗುತ್ತದೆ.

ತಂಬಾಕು ಬೆರೆತ ಗುಟ್ಖಾದಿಂದ ಮಾತ್ರ ಹಾನಿ ಎಂಬ ವಾದ ವ್ಯಾಪಾರ ವಲಯದಲ್ಲಿ ಕೇಳಿಬರುತ್ತದೆ. ಆದರೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. 2022ರಲ್ಲಿ ವಿಶ್ವದಾದ್ಯಂತ ಪತ್ತೆಯಾದ ಬಾಯಿಯ ಕ್ಯಾನ್ಸರ್ ಪ್ರಕರಣಗಳಲ್ಲಿ ಸುಮಾರು 1,20,200 ಪ್ರಕರಣಗಳಿಗೆ ಹೊಗೆರಹಿತ ತಂಬಾಕು ಅಥವಾ ಅಡಿಕೆ ಕಾರಣವೆಂದು ಅದೇ ಸಂಸ್ಥೆಯ 2024ರ ಅಧ್ಯಯನ ಅಂದಾಜಿಸಿದೆ. ಇವುಗಳಲ್ಲಿ ಸುಮಾರು 83,400 ಭಾರತದವು.

ಈ ಅಂಕಿಗಳನ್ನು ಅಲ್ಲಗಳೆಯುವುದರಿಂದ ಬೆಳೆಗಾರನಿಗೆ ರಕ್ಷಣೆ ದೊರೆಯದು. ಕೆಂಪಡಿಕೆ ಬೇಯಿಸಿದಾಗ ಉಳಿಯುವ ಚೊಗರನ್ನು ಸಾಗರ ತಾಲ್ಲೂಕಿನ ಹೆಗ್ಗೋಡಿನ ಚರಕ ಸಂಸ್ಥೆ ಬಟ್ಟೆಯ ನೈಸರ್ಗಿಕ ಬಣ್ಣಕ್ಕೆ ಬಳಸಿ ತೋರಿಸಿದೆ. ಜಗಿಯುವಿಕೆಯ ಹೊರತಾದ ಇಂತಹ ಬಳಕೆಗಳಿಗೆ ಉದ್ಯಮಿಗಳು ಬಂಡವಾಳ ಹೂಡುವುದು ಒಂದು ಮಾರ್ಗ. ತಮ್ಮ ಮಂಡಿಗಳ ಹಮಾಲರಿಗೆ, ಸುಲಿಯುವ ಮಹಿಳೆಯರಿಗೆ ವರ್ಷಕ್ಕೊಮ್ಮೆ ಬಾಯಿಯ ತಪಾಸಣೆ ಏರ್ಪಡಿಸುವುದು ಮತ್ತೊಂದು. ದಾವಣಗೆರೆಯ ದಂತ ವೈದ್ಯಕೀಯ ಕಾಲೇಜುಗಳು ಸಮೀಪದಲ್ಲೇ ಇರುವುದರಿಂದ ಇದು ಕಷ್ಟಸಾಧ್ಯವೇನಲ್ಲ. ಅಡಿಕೆಯಿಂದ ಬದುಕುವವರ ಆರೋಗ್ಯವೂ ಈ ವಹಿವಾಟಿನ ಲೆಕ್ಕಪುಸ್ತಕದಲ್ಲಿ ಸೇರಬೇಕಾದ ಬಾಬ್ತೇ ಆಗಿದೆ.